ಕ್ವೇಕರರ ಹಳೆಯ ಬರಹ ಓದುವುದು ಹೇಗೆ: ಒಬ್ಬ ಪತ್ರ ಬರಹಗಾರನ ಕ್ರಮ

ಕ್ವೇಕರರು ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಅವರ ಬರಹ ಓದಬೇಕು ಅಂದುಕೊಂಡವರು ಮೊದಲು ಕೈಗೆತ್ತಿಕೊಳ್ಳುವುದು ಜಾರ್ಜ್ ಫಾಕ್ಸ್‌ನ ಜರ್ನಲ್, ಅಂದರೆ ಅವನೇ ಹೇಳಿದ ಅವನ ಬದುಕಿನ ಕಥೆ. ಬಹಳ ಜನ ಅರ್ಧಕ್ಕೂ ಮೊದಲೇ ಕೆಳಗಿಡುತ್ತಾರೆ. ಪಂಥ ಕಟ್ಟಿದವನಿಂದಲೇ ಶುರುಮಾಡೋಣ ಅನ್ನುವುದು ಸಹಜವೇ. ಆದರೆ ಫಾಕ್ಸ್ ಒಂದೂರಿಗೆ ಹೋಗುತ್ತಾನೆ, ಪಾದ್ರಿಗೆ ಎದುರು ನಿಂತು ಮಾತಾಡುತ್ತಾನೆ, ಏಟು ತಿನ್ನುತ್ತಾನೆ, ಜೈಲಿಗೆ ಬೀಳುತ್ತಾನೆ, ಹೊರಬಂದು ಮುಂದಿನ ಊರಿಗೆ ಹೊರಡುತ್ತಾನೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಎಲ್ಲ ಊರೂ ಒಂದೇ. ನೂರು ವರ್ಷ ಮುಂದಕ್ಕೆ ಹೋಗಿ ಅಮೆರಿಕದ ಕ್ವೇಕರ್ ಜಾನ್ ವೂಲ್ಮನ್‌ನಿಂದ ಶುರುಮಾಡಿ, ಆಮೇಲೆ ಹಿಂದಕ್ಕೆ ಬನ್ನಿ ಎಂಬುದು ನನ್ನ ಸಲಹೆ.

ನಾನು ಕ್ರಯಪತ್ರ, ವಿಭಾಗಪತ್ರ, ಉಯಿಲು ಬರೆದು ಹೊಟ್ಟೆ ಹೊರೆದವನು. ಕಾಗದ ಕೈಗೆ ಬಂದರೆ ತಾರೀಖು ಯಾವುದು, ಬರೆದವರು ಯಾರು, ತಿದ್ದಿದವರು ಯಾರು, ರುಜು ಯಾರದು ಅಂತ ನೋಡಿಯೇ ಒಕ್ಕಣೆಗೆ ಇಳಿಯುವುದು. ಈ ಚಾಳಿ ಕ್ವೇಕರ್ ಬರಹಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಂದಹಾಗೆ, ಇಲ್ಲಿ ಎಲ್ಲರನ್ನೂ ಏಕವಚನದಲ್ಲೇ ಬರೆದಿದ್ದೇನೆ. ನ್ಯಾಯಾಧೀಶನಿಗೂ ಏಕವಚನ ಬಳಸಿ ಪೆಟ್ಟು ತಿಂದ ಜನ ಅವರು, ಬೇಸರ ಮಾಡಿಕೊಳ್ಳಲಾರರು.

ವೂಲ್ಮನ್ (1720–1772) ನ್ಯೂಜೆರ್ಸಿಯ ಮೌಂಟ್ ಹಾಲಿಯವನು. ಅಂಗಡಿ ಗುಮಾಸ್ತನಾಗಿದ್ದ, ಆಮೇಲೆ ದರ್ಜಿ ಕೆಲಸ ಮಾಡಿದ, ಜೊತೆಗೆ ಊರವರ ಪತ್ರಗಳನ್ನು ಬರೆದುಕೊಡುತ್ತಿದ್ದ. ಅವನ ಜರ್ನಲ್ ಅಚ್ಚಾದದ್ದು ಅವನು ಸತ್ತ ಮೇಲೆ, 1774ರಲ್ಲಿ. ಮೊದಲ ಭಾಗದಲ್ಲೇ ಒಂದು ಪ್ರಸಂಗ ಬರುತ್ತದೆ. ಧಣಿ ತನ್ನ ಗುಲಾಮ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರ ಬರೆ ಎಂದು ಇದ್ದಕ್ಕಿದ್ದಂತೆ ಹೇಳುತ್ತಾನೆ. ಕೊಳ್ಳುವವನು ಎದುರಿಗೇ ಕಾಯುತ್ತಿದ್ದಾನೆ. ಅವನೂ ಕ್ವೇಕರನೇ, ವಯಸ್ಸಾದವನು. ವೂಲ್ಮನ್‌ಗೆ ಮನಸ್ಸು ಒಪ್ಪುವುದಿಲ್ಲ, ಆದರೂ ಬರೆಯುತ್ತಾನೆ. ಬರೆದು, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದುವುದಿಲ್ಲ ಎಂದು ಇಬ್ಬರ ಎದುರೂ ಹೇಳುತ್ತಾನೆ. ಇಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಮುಂದೆ ಓದಿ.

ಕೆಲವು ವರ್ಷಗಳ ಮೇಲೆ, ಮೈಗೆ ಬಲವಾದ ಪೆಟ್ಟು ಬಿದ್ದ ನೆರೆಯವನೊಬ್ಬ ರಕ್ತ ತೆಗೆಸಲು ಕರೆಸಿ, ಉಯಿಲನ್ನೂ ಬರೆದುಕೊಡು ಅನ್ನುತ್ತಾನೆ. ವೂಲ್ಮನ್ ಎಲ್ಲವನ್ನೂ ಬರೆಯುತ್ತಾನೆ, ಗುಲಾಮ ಹುಡುಗಿಯ ಬಾಬತ್ತು ಒಂದನ್ನು ಬಿಟ್ಟು. ಹಾಸಿಗೆಯ ಪಕ್ಕ ಕೂತು ಓದಿ ಹೇಳಿ, ಮನುಷ್ಯರನ್ನು ಗುಲಾಮರಾಗಿಸುವ ಕಾಗದ ಬರೆಯಲು ತನ್ನಿಂದಾಗದು, ಬರೆದಷ್ಟಕ್ಕೆ ಕೂಲಿಯೂ ಬೇಡ ಅನ್ನುತ್ತಾನೆ. ಇಬ್ಬರೂ ಮಾತಾಡುತ್ತಾರೆ. ಅವಳನ್ನು ಬಿಡುಗಡೆ ಮಾಡಲು ರೋಗಿ ಒಪ್ಪಿದ ಮೇಲೆ ಉಯಿಲು ಪೂರ್ತಿಯಾಗುತ್ತದೆ. ಪತ್ರ ಬರೆದವರಿಗೆ ಮಾತ್ರ ಗೊತ್ತು, ಪಕ್ಷಕಾರನ ಎದುರು ಒಂದು ಕಲಮು ಖಾಲಿ ಬಿಡುವುದು ಎಷ್ಟು ಕಷ್ಟ ಅಂತ. ಆ ಪುಟವನ್ನು ನಾನು ಯಾವ ಪ್ರವಚನಕ್ಕೂ ಬದಲು ಕೊಡುವುದಿಲ್ಲ.

ಓದುವ ಕ್ರಮ ಇಷ್ಟೇ: ವೂಲ್ಮನ್‌ನ ಮನಸ್ಸು ಎಲ್ಲೆಲ್ಲಿ ತಡೆಯಿತೋ ಅಲ್ಲಿ ಗುರುತು, ಅದಕ್ಕಾಗಿ ಅವನು ಏನು ಮಾಡಿದ ಎಂಬಲ್ಲಿ ಇನ್ನೊಂದು ಗುರುತು. ಬಣ್ಣ ಹಾಕದ ಬಟ್ಟೆ ತೊಟ್ಟದ್ದು, ಗುಲಾಮರ ದುಡಿಮೆಯ ಸಕ್ಕರೆ ಬಿಟ್ಟದ್ದು, 1772ರಲ್ಲಿ ಇಂಗ್ಲೆಂಡಿಗೆ ಹೋಗುವಾಗ ಅಲಂಕಾರದ ಕ್ಯಾಬಿನ್ ಒಲ್ಲದೆ ನಾವಿಕರ ಜೊತೆ ಹಡಗಿನ ಅಡಿಯಲ್ಲಿ ಮಲಗಿದ್ದು ಎಲ್ಲ ಹೀಗೆ ಜೋಡಿಜೋಡಿಯಾಗಿ ಸಿಗುತ್ತವೆ. ಕೆಲವು ಕಡೆ ಅತಿಯಾಯಿತು ಅನ್ನಿಸುವುದುಂಟು, ನನಗೂ ಅನ್ನಿಸುತ್ತದೆ. ಆದರೆ 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಸಭೆ (ಆ ಭಾಗದ ಕ್ವೇಕರರ ಮೇಲಿನ ಸಭೆ) ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರ ಮೇಲೆ ಕ್ರಮಕ್ಕೆ ಮುಂದಾಯಿತು, 1776ರಲ್ಲಿ ಗುಲಾಮರನ್ನು ಬಿಡದವರನ್ನು ಸದಸ್ಯತ್ವದಿಂದಲೇ ತೆಗೆಯಲು ನಿಶ್ಚಯಿಸಿತು. ಅದರ ಹಿಂದೆ ಈ ಅತಿಯ ಪಾಲೂ ಇದೆ.

ಇನ್ನು ತಾರೀಖು. ತಿಂಗಳುಗಳ ರೂಢಿಯ ಹೆಸರಿನಲ್ಲಿ ಅನ್ಯದೇವತೆಗಳಿದ್ದಾರೆಂದು ಕ್ವೇಕರರು ಸಂಖ್ಯೆಯಲ್ಲೇ ಬರೆಯುತ್ತಿದ್ದರು. 1752ಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚಿನಲ್ಲಿ, ಹಾಗಾಗಿ ಅವರ ಮೊದಲನೇ ತಿಂಗಳು ಎಂದರೆ ಮಾರ್ಚ್. ಯುದ್ಧಕ್ಕೆ ನಾವಿಲ್ಲ ಎಂದು ಎರಡನೇ ಚಾರ್ಲ್ಸ್ ದೊರೆಗೆ ಕೊಟ್ಟ ಪ್ರಸಿದ್ಧ ಹೇಳಿಕೆಯ ಮೇಲೆ 1660, 11ನೇ ತಿಂಗಳು, 21ನೇ ದಿನ ಎಂದಿದೆ. ಅದನ್ನು ನವೆಂಬರ್ ಎಂದುಕೊಂಡರೆ ಕಥೆಯೇ ತಿರುಗುಮುರುಗು. ಅದು ಈಗಿನ ಲೆಕ್ಕದಲ್ಲಿ 1661ರ ಜನವರಿ. ಅದೇ ತಿಂಗಳ ಮೊದಲಲ್ಲಿ ಲಂಡನ್ನಿನಲ್ಲಿ ಥಾಮಸ್ ವೆನ್ನರನ ಗುಂಪು ದಂಗೆಯೆದ್ದಿತ್ತು, ಅದಕ್ಕೆ ಸಂಬಂಧವಿಲ್ಲದ ಕ್ವೇಕರರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಒಳಗೆ ಹಾಕಿದ್ದರು. ಆ ಬಿಸಿಯಲ್ಲಿ ಬರೆದ ಕಾಗದ ಅದು. ಹಾಗೆ ತಿಳಿದು ಓದಿದರೆ ತತ್ತ್ವದ ಜೊತೆಗೆ ಜೈಲಿನಲ್ಲಿರುವವರ ಚಿಂತೆಯೂ ಕಾಣುತ್ತದೆ.

ಈಗ ಫಾಕ್ಸ್‌ಗೆ (1624–1691) ಬರಬಹುದು. ತಿದ್ದಿದವರು ಯಾರು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಜರ್ನಲ್ ಅಚ್ಚಾದದ್ದು 1694ರಲ್ಲಿ, ಥಾಮಸ್ ಎಲ್ವುಡ್ ಪರಿಷ್ಕರಿಸಿ, ವಿಲಿಯಂ ಪೆನ್ ಮುನ್ನುಡಿ ಬರೆದು. ಎಲ್ವುಡ್ ಒರಟು ಕಡೆಗಳನ್ನು ಒಪ್ಪ ಮಾಡಿದ್ದಾನೆ. ಮೂಲ ಹಸ್ತಪ್ರತಿಯ ಮೊದಲ ಹಾಳೆಗಳು ಕಳೆದುಹೋಗಿರುವುದರಿಂದ ಫಾಕ್ಸ್‌ನ ಎಳವೆಯ ಕಥೆಗೆ ಎಲ್ವುಡ್ಡನೇ ಗತಿ. ಜಾನ್ ನಿಕಲ್ಸ್ ಹಸ್ತಪ್ರತಿಯನ್ನೂ ನೋಡಿ ಸಿದ್ಧಪಡಿಸಿದ 1952ರ ಆವೃತ್ತಿ ಸಿಕ್ಕರೆ ಅದನ್ನೇ ಹಿಡಿಯಿರಿ. 1647ರಿಂದ 1652ರವರೆಗಿನ ಭಾಗ, ಅಂದರೆ ಉತ್ತರ ಇಂಗ್ಲೆಂಡಿನ ಪೆಂಡಲ್ ಬೆಟ್ಟ ಹತ್ತಿದ್ದು, ಮಾರ್ಗರೆಟ್ ಫೆಲ್ ಎಂಬಾಕೆಯ ಸ್ವಾರ್ತ್‌ಮೂರ್ ಮನೆಗೆ ಬಂದದ್ದು, ಅಷ್ಟು ಓದಿದರೆ ಮೊದಲ ಸುತ್ತಿಗೆ ಸಾಕು.

ಲಿಚ್‌ಫೀಲ್ಡ್ ಪ್ರಸಂಗ ಮಾತ್ರ ಬಿಡಬೇಡಿ. ಚಳಿಗಾಲ. ಫಾಕ್ಸ್ ಬೂಟು ಕಳಚಿ ಕುರುಬರ ವಶಕ್ಕೆ ಕೊಟ್ಟು, ರಕ್ತಸಿಕ್ತ ಲಿಚ್‌ಫೀಲ್ಡಿಗೆ ಕೇಡು ಎಂದು ಕೂಗುತ್ತ ಪೇಟೆ ಬೀದಿಯಲ್ಲಿ ಬರಿಗಾಲಲ್ಲಿ ನಡೆಯುತ್ತಾನೆ. ಬೀದಿಯಲ್ಲಿ ನೆತ್ತರ ಕಾಲುವೆ ಹರಿದಂತೆ ಅವನಿಗೆ ಕಾಣುತ್ತದೆ. ಎಲ್ಲ ಮುಗಿದ ಮೇಲೆ ವಾಪಸು ಬಂದು, ಕುರುಬರ ಕೈಗೆ ಒಂದಿಷ್ಟು ಕಾಸು ಕೊಟ್ಟು ಬೂಟು ಇಸಿದುಕೊಳ್ಳುತ್ತಾನೆ. ಆವೇಶದ ನಡುವೆಯೂ ಲೆಕ್ಕ ಚುಕ್ತಾ ಮಾಡಿದ ಮನುಷ್ಯ! ಇವನನ್ನು ಹುಚ್ಚ ಅಥವಾ ಋಷಿ ಎಂದು ಬೇಗ ತೀರ್ಮಾನಿಸಬೇಡಿ.

ಪ್ರತಿಯೊಬ್ಬರೊಳಗೂ ದೇವರ ಬೆಳಕಿದೆ ಎಂಬುದು ಕ್ವೇಕರರ ಮೂಲ ನಂಬಿಕೆ. ಒಳಗಿನ ಬೆಳಕು ಎಂದ ಕೂಡಲೇ ನಮಗೆ ವಚನ, ತತ್ವಪದ ನೆನಪಾಗುತ್ತವೆ. ನೆನಪಾಗಲಿ, ಅಲ್ಲಿಗೇ ಬಿಡಿ. ಫಾಕ್ಸ್‌ನ ಬೆಳಕು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ್ದು. ಬೈಬಲ್ ಪಕ್ಕದಲ್ಲಿಲ್ಲದೆ ಈ ಬರಹಗಳ ಅರ್ಧ ಮಾತು ಕಿವಿಗೇ ಬೀಳುವುದಿಲ್ಲ, ಯಾಕೆಂದರೆ ಅವರು ಎಲ್ಲಿಂದ ಎತ್ತಿದೆವು ಎಂದು ಹೇಳದೆಯೇ ಅದರ ಸಾಲುಗಳನ್ನು ಬಳಸುತ್ತಾರೆ.

ಆಮೇಲೆ ಸಣ್ಣವು. ಮಾರ್ಗರೆಟ್ ಫೆಲ್ 1666ರಲ್ಲಿ ಲ್ಯಾಂಕಾಸ್ಟರ್ ಜೈಲಿನಿಂದ ಬರೆದ ಕಿರುಹೊತ್ತಗೆ, ಹೆಂಗಸರು ಸಭೆಯಲ್ಲಿ ಮಾತಾಡುವುದು ಸರಿಯೆಂದು ವಾದಿಸುವಂಥದು; ಬೈಬಲ್ಲಿನ ಸಾಕ್ಷ್ಯ ಒಂದರ ಮೇಲೊಂದು ಹೂಡುತ್ತಾ ಹೋಗುತ್ತಾಳೆ. ಫಾಕ್ಸ್ ಕಾಲದ ಬೋಧಕ ಜೇಮ್ಸ್ ನೇಲರನ ಕೊನೆಯ ಮಾತುಗಳು ಒಂದು ಪುಟ ಕೂಡ ಇಲ್ಲ. ಅದಕ್ಕೂ ಮುನ್ನ ಅವನ ಕಥೆ ತಿಳಿದಿರಲಿ: 1656ರಲ್ಲಿ ಯೇಸುವಿನಂತೆ ಬ್ರಿಸ್ಟಲ್ ಪಟ್ಟಣಕ್ಕೆ ಕುದುರೆಯೇರಿ ಬಂದದ್ದಕ್ಕೆ ಪಾರ್ಲಿಮೆಂಟು ಅವನ ನಾಲಗೆ ತೂತು ಮಾಡಿಸಿ ಹಣೆಗೆ ಬರೆ ಹಾಕಿಸಿತು. ಐಸಾಕ್ ಪೆನಿಂಗ್‌ಟನ್‌ನ ಪತ್ರಗಳನ್ನು ದಿನಕ್ಕೊಂದರಂತೆ ಓದಿ, ಒಟ್ಟಿಗೆ ಓದಿದರೆ ಸಾಕೆನಿಸಿಬಿಡುತ್ತವೆ.

ರಾಬರ್ಟ್ ಬಾರ್ಕ್ಲೇಯ ಅಪಾಲಜಿ (ಲ್ಯಾಟಿನ್ 1676, ಇಂಗ್ಲಿಷ್ 1678) ಕ್ವೇಕರ್ ನಂಬಿಕೆಯನ್ನು ಸಮರ್ಥಿಸುವ ಹದಿನೈದು ಸೂತ್ರಗಳ ದಪ್ಪ ಗ್ರಂಥ. ಮೊದಲಿಂದ ಕೊನೆವರೆಗೆ ಓದುವ ಶಪಥ ಬೇಡ. ಆರಾಧನೆಯ ಬಗೆಗಿನ ಹನ್ನೊಂದನೆಯದನ್ನು ಓದಿ. ಅಷ್ಟು ತರ್ಕದ ನಡುವೆ, ಎಲ್ಲರೂ ಸುಮ್ಮನೆ ಕೂತು ಆರಾಧಿಸುವ ಮೌನಸಭೆಗೆ ಬಂದಾಗ ಒಂದು ಶಕ್ತಿ ತನ್ನ ಎದೆ ಮುಟ್ಟಿತು, ಒಳಗಿನ ಕೆಟ್ಟದ್ದು ಸಡಿಲವಾಯಿತು ಎಂದು ತನ್ನದೇ ಅನುಭವ ಹೇಳಿಬಿಡುತ್ತಾನೆ. ಉಳಿದವು ಬೇಕಾದಾಗ ತೆಗೆದು ನೋಡಲು.

ಹತ್ತೊಂಬತ್ತನೇ ಶತಮಾನದಲ್ಲಿ ಹುಷಾರು. 1827ರಲ್ಲಿ ಫಿಲಡೆಲ್ಫಿಯಾದಲ್ಲಿ, ಒಳಗಿನ ಬೆಳಕಿಗೇ ಹೆಚ್ಚು ಒತ್ತು ಕೊಟ್ಟ ಎಲಿಯಾಸ್ ಹಿಕ್ಸ್‌ನ ಕಡೆಯವರು, ಸಾಂಪ್ರದಾಯಿಕರು ಎಂದು ಸಭೆ ಒಡೆಯಿತು. ಮುಂದೆ ಜೋಸೆಫ್ ಜಾನ್ ಗರ್ನಿಯ ಸುವಾರ್ತಾ ಧೋರಣೆಯ (ಬೈಬಲ್ಲಿಗೇ ಹೆಚ್ಚು ಒತ್ತು ಕೊಡುವ ನಿಲುವಿನ) ಮೇಲೆ ಇನ್ನೊಂದು ಒಡಕು. ಎಲ್ಲರೂ ಫಾಕ್ಸ್‌ನನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಕಾಲದ ಸಂಕಲನ ಕೈಗೆ ಬಂದರೆ ಅಚ್ಚು ಹಾಕಿಸಿದವರು ಯಾವ ಕಡೆಯವರು ಎಂದು ಮೊದಲು ನೋಡಿ.

ಇಷ್ಟಕ್ಕೆಲ್ಲ ವ್ಯವಧಾನ ಇಲ್ಲದವರಿಗೆ ಬ್ರಿಟನ್ನಿನ ಕ್ವೇಕರರು 1994ರಲ್ಲಿ ಒಪ್ಪಿಕೊಂಡ ‘ಕ್ವೇಕರ್ ಫೇತ್ ಅಂಡ್ ಪ್ರಾಕ್ಟೀಸ್’ ಇದೆ. ಸಭೆಯ ಆಡಳಿತದ ಅಧ್ಯಾಯಗಳನ್ನು ದಾಟಿ ನೇರ ಹತ್ತೊಂಬತ್ತನೆಯದಕ್ಕೆ ಹೋಗಿ. ಮೊದಲ ತಲೆಮಾರಿನವರ ಆಯ್ದ ಬರಹಗಳು ಅಲ್ಲಿವೆ. ಪ್ರತಿ ತುಣುಕಿನ ಜೊತೆ ಬರೆದವರ ಹೆಸರು, ಇಸವಿ ಇರುತ್ತದೆ. ಯಾವುದು ಹಿಡಿಸಿತೋ ಅದರ ಪೂರ್ತಿ ಪಠ್ಯ ಹುಡುಕಿ. ಹಳೆಯ ಅಚ್ಚುಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ವೂಲ್ಮನ್‌ನ ಜರ್ನಲ್ಲೂ ಫಾಕ್ಸ್‌ನದೂ ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುತ್ತವೆ.