ಕೆರೆ ಮೇಲಿನ ಹೊಲ ಲೇಔಟ್ ಆಗದಂತೆ ತಡೆದಿದ್ದು: ನನ್ನ ಅನುಭವ

ಬೆಂಗಳೂರಿನ ಸುತ್ತಮುತ್ತ ಹೊಲ ಇರುವವರು ಪೇಪರಿನ ಒಳಪುಟದ ಸಣ್ಣ ಪ್ರಕಟಣೆಗಳನ್ನು ಓದಲೇಬೇಕು. ನಮ್ಮೂರ ಕೆರೆಯ ಮೇಲ್ಭಾಗದ ಸುಮಾರು 20 ಎಕರೆಯನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಅರ್ಜಿ ಬಿದ್ದಿದೆ ಅಂತ ನಮಗೆ ತಿಳಿದದ್ದು ಅಂಥ ಒಂದು ಪ್ರಕಟಣೆಯಿಂದಲೇ. ಊರಿನ ಹೆಸರು, ಸರ್ವೆ ನಂಬರ್, ಎಕರೆ-ಗುಂಟೆ, ಅಷ್ಟೇ. ಲೇಔಟ್ ಅನ್ನೋ ಮಾತು ಎಲ್ಲೂ ಇರಲಿಲ್ಲ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಂ ಪ್ರಕಾರ ಇಂಥ ಬದಲಾವಣೆಗೆ ಮೊದಲು ಯೋಜನಾ ಪ್ರಾಧಿಕಾರ ಪೇಪರಿನಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಅದೇ ಕಲಮಿನಲ್ಲಿ ಇನ್ನೊಂದು ಷರತ್ತಿದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು. ನಾವು ಗಟ್ಟಿಯಾಗಿ ಹಿಡಿದುಕೊಂಡದ್ದು ಈ ಷರತ್ತನ್ನೇ. 'ರೈತರ ಬದುಕು ಹಾಳಾಗುತ್ತೆ' ಅಂತ ಬರೆದರೆ ಓದಿ ಪಕ್ಕಕ್ಕಿಡುತ್ತಾರೆ. ಇಂಥ ಸರ್ವೆ ನಂಬರಿನಲ್ಲಿ ಇಂಥದ್ದಿದೆ, ಇದು ಹೋದರೆ ಊರಿಗೆ ಈ ನಷ್ಟ ಅಂತ ದಾಖಲೆ ಸಮೇತ ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತೆ.

ಹೀಗಾಗಿ ದಾಖಲೆ ಹುಡುಕೋದೇ ದೊಡ್ಡ ಕೆಲಸವಾಯಿತು. ಮೊದಲು ಗ್ರಾಮ ನಕ್ಷೆ ತೆಗೆಸಿದೆವು. ಆ ಜಮೀನಿನ ಮಧ್ಯೆ ಒಂದು ಹಳ್ಳ ಹರಿದು ನಮ್ಮ ಕೆರೆಗೆ ಸೇರುತ್ತೆ. ಮಳೆಗಾಲ ಬಿಟ್ಟರೆ ಒಣಗಿರುತ್ತೆ, ಹೊಸಬರ ಕಣ್ಣಿಗೆ ಅದು ಬರೀ ತಗ್ಗು. ನಕ್ಷೆಯಲ್ಲಿ ಮಾತ್ರ ಸ್ಪಷ್ಟವಾಗಿತ್ತು, ಪಕ್ಕದಲ್ಲಿ ಬಂಡಿದಾರಿಯೂ ಇತ್ತು. ಪಹಣಿಯಲ್ಲಿ ಇವೆರಡೂ ಬಿ ಖರಾಬು, ಅಂದರೆ ಸಾರ್ವಜನಿಕರದ್ದು. ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಹುಡುಗರು ಹಳ್ಳದ ಉದ್ದಕ್ಕೂ ನಡೆದು, ಯಾವ ಜಾಗ ಯಾವ ಸರ್ವೆ ನಂಬರಿಗೆ ಬರುತ್ತೆ ಅಂತ ಗುರುತು ಮಾಡಿ ಫೋಟೋ ತೆಗೆದರು.

ಅರ್ಜಿಯ ಕಡತ ನೋಡಲು ಕೇಳಿದಾಗ, ಜಮೀನು ಬೀಳು ಬಿದ್ದಿದೆ ಅಂತ ಅದರಲ್ಲಿ ಬರೆದಿತ್ತು. ನನಗೆ ಸಿಟ್ಟು ಬಂದದ್ದು ಆಗಲೇ. ಆ ಹೊಲದಲ್ಲಿ ಪ್ರತಿ ವರ್ಷ ರಾಗಿ ಬೆಳೀತಾರೆ, ಸಾಲಲ್ಲಿ ಅವರೆ, ತೊಗರಿ ಹಾಕ್ತಾರೆ. ಪಹಣಿಯ ಬೆಳೆ ಕಾಲಂ ಇತ್ತು. ಜೊತೆಗೆ ಅಲ್ಲಿ ಗುತ್ತಿಗೆಗೆ ಮಾಡುವ ರೈತರು ಬೆಂಬಲ ಬೆಲೆ ಕೇಂದ್ರಕ್ಕೆ ರಾಗಿ ಹಾಕಿದ ರಸೀದಿಗಳನ್ನು ತಂದುಕೊಟ್ಟರು. ಬೀಳು ಅನ್ನೋ ಮಾತಿಗೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ, ಅಲ್ವಾ?

ಊರಲ್ಲಿ ಎಲ್ಲರೂ ನಮ್ಮ ಜೊತೆ ಇರಲಿಲ್ಲ. ಆ ಕಡೆ ಎರಡು ಎಕರೆ ಇರುವ ದೊಡ್ಡಪ್ಪ ಒಬ್ಬರು ಅರಳಿಕಟ್ಟೆಯಲ್ಲಿ ನೇರವಾಗಿ ಕೇಳಿದರು: "ಬೋರ್ ಬತ್ತೋಗೈತೆ, ಸಾಲ ತಲೆ ಮೇಲೈತೆ. ನೀನು ಕಟ್ತೀಯೇನಪ್ಪ?" ಅವರ ಕಷ್ಟ ಸುಳ್ಳಲ್ಲ. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಕೃಷಿ ಜಮೀನನ್ನು ಯಾರು ಬೇಕಾದರೂ ಕೊಳ್ಳಬಹುದು, ಮಾರಬೇಡಿ ಅಂತ ನಾವು ಹೇಳ್ತಿಲ್ಲ ಅಂದೆ. ಆದರೆ ಹಳ್ಳ ಮುಚ್ಚಿ ಸೈಟ್ ಮಾಡಿದರೆ ಕೆರೆಗೆ ನೀರು ಬರಲ್ಲ, ಆ ಮನೆಗಳ ಕೊಳಚೆ ಮಾತ್ರ ಬರುತ್ತೆ. ಆಗ ಬತ್ತೋದು ಅವರೊಬ್ಬರ ಬೋರ್ ಅಲ್ಲ. ದೊಡ್ಡಪ್ಪ ಸಹಿ ಹಾಕಲಿಲ್ಲ. ಆದರೆ ಚಿಕ್ಕಂದಿನಲ್ಲಿ ಆ ಹಳ್ಳದಲ್ಲಿ ಎಲ್ಲಿವರೆಗೆ ನೀರು ನಿಲ್ತಿತ್ತು ಅಂತ ಬಂದು ತೋರಿಸಿದರು. ನನಗೆ ಅದು ಸಹಿಗಿಂತ ಜಾಸ್ತಿ.

ಒಂದೇ ಅರ್ಜಿಗೆ ಊರೆಲ್ಲ ಸಹಿ ಹಾಕೋದು ಬೇಡ ಅಂತ ತೀರ್ಮಾನಿಸಿದೆವು. ಒಟ್ಟು ಸಹಿಯ ಅರ್ಜಿ ಎಷ್ಟು ದೊಡ್ಡದಿದ್ದರೂ ಒಂದೇ ಆಕ್ಷೇಪಣೆ ಅಂತ ಲೆಕ್ಕಕ್ಕೆ ಬರೋ ಸಾಧ್ಯತೆ ಹೆಚ್ಚು. ಗುತ್ತಿಗೆ ರೈತರು ಬೆಳೆ ಬಗ್ಗೆ, ಹಾಲು ಹಾಕುವ ಹೆಂಗಸರು ಮೇವಿನ ಬಗ್ಗೆ, ಕೆರೆ ಕೆಳಗಿನವರು ನೀರಿನ ಬಗ್ಗೆ ಬೇರೆ ಬೇರೆ ಬರೆದರು. ಪ್ರತಿಯೊಂದರ ನಕಲಿನ ಮೇಲೂ ಟಪಾಲು ವಿಭಾಗದ ಸೀಲು, ಸ್ವೀಕೃತಿ ನಂಬರ್ ಹಾಕಿಸಿಕೊಂಡೆವು. ಇದನ್ನು ಬಿಡಲೇಬಾರದು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಅದನ್ನೂ ಲಗತ್ತಿಸಿದೆವು.

ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದಾಗ ನಾವು ಘೋಷಣೆ ಕೂಗಲಿಲ್ಲ. ನಕ್ಷೆ ಹಿಡಿದು ಹಳ್ಳ ತೋರಿಸಿದೆವು. ಕೆಲವು ತಿಂಗಳಾದ ಮೇಲೆ ಪ್ರಸ್ತಾವ ಕೈಬಿಟ್ಟರು. ಮಾಹಿತಿ ಹಕ್ಕಿನಡಿ ಸಭೆಯ ನಡವಳಿ ತರಿಸಿ ನೋಡಿದರೆ, ಕಾರಣ ಅಂತ ಇದ್ದದ್ದು ಹಳ್ಳ ಮತ್ತು ಬಂಡಿದಾರಿ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತು, 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಡುವಂತೆ ಮಾಡಿದರು. ಅದು ಕೈಗಾರಿಕೆಗಾಗಿ ಸರ್ಕಾರವೇ ಮುಂದಾಗಿದ್ದ ಸ್ವಾಧೀನ, ಎದ್ದು ಕಾಣುವಂಥದ್ದು. ನಮ್ಮಂಥ ಕಡೆ ಹೊಲ ಹೋಗೋದು ಕಾಗದದ ಮೇಲೆ, ಸದ್ದಿಲ್ಲದೆ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಒಮ್ಮೆ ಕೃಷಿಯ ಹಸಿರು ಹೋಗಿ ವಸತಿಯ ಹಳದಿ ಬಂತು ಅಂದರೆ, ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಆಗುವ ಪರಿವರ್ತನೆಯನ್ನು ತಡೆಯೋದು ಬಹಳ ಕಷ್ಟ. ತಡೆಯೋದಿದ್ದರೆ ವಲಯ ಬದಲಾಗುವ ಮುಂಚೆಯೇ ತಡೆಯಬೇಕು.

ಮಹಾಯೋಜನೆ ಪರಿಷ್ಕರಣೆ ಆದಾಗ ಒಂದೊಂದು ಅರ್ಜಿ ಅಲ್ಲ, ಇಡೀ ಊರಿನ ಬಣ್ಣವೇ ಬದಲಾಗಬಹುದು. ಹಾಗಾಗಿ ಕೆರೆಗೆ ನೀರು ತರುವ ಎಲ್ಲ ಸರ್ವೆ ನಂಬರುಗಳ ಪಹಣಿ, ನಕ್ಷೆ, ಬೆಳೆಯ ರಸೀದಿಗಳನ್ನು ಈಗಲೇ ಜೋಡಿಸಿಡುತ್ತಿದ್ದೇವೆ. ಪೇಪರ್ ನೋಡುವ ಕೆಲಸವನ್ನು ಡೇರಿಯಲ್ಲಿ ಲೆಕ್ಕ ಬರೆಯುವ ಹುಡುಗಿ ವಹಿಸಿಕೊಂಡಿದ್ದಾಳೆ.