ಮೈಕ್ ಇಲ್ಲದೆ ನಡೆಸಿದ ಗುರುದೀಕ್ಷೆ: ನನ್ನ ಅನುಭವ

ಮೈಕ್‌ನಲ್ಲಿ "ಎದ್ದು ನಿಲ್ಲಿ, ಕೂತುಕೊಳ್ಳಿ" ಅನ್ನದೆ ಧರ್ಮಾಧ್ಯಕ್ಷರ ದೊಡ್ಡ ಪೂಜೆ ನಡೆಯುತ್ತಾ? ನಮ್ಮ ಹಿರಿಯ ಫಾದರ್‌ಗಳು ನಕ್ಕಿದ್ದರು. ಈಸ್ಟರ್ ಕಾಲದ ಗುರುದೀಕ್ಷೆ, ಅಂದರೆ ಹೊಸ ಫಾದರ್‌ಗಳಿಗೆ ದೀಕ್ಷೆ ಕೊಡುವ ಪೂಜೆ, ಒಂದೂ ಪ್ರಕಟಣೆ ಇಲ್ಲದೆ ಮುಗಿಯಿತು. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಿಡಿದ ದಾರಿ ಗ್ವಿದೊ ಮರೀನಿಯವರದು. 2007ರಿಂದ 2021ರವರೆಗೆ ಪೋಪ್ ಬೆನೆಡಿಕ್ಟ್ ಮತ್ತು ಪೋಪ್ ಫ್ರಾನ್ಸಿಸ್ ಇಬ್ಬರ ಪಕ್ಕದಲ್ಲೂ ಪೂಜಾ ಸಮಾರಂಭ ನೋಡಿಕೊಂಡವರು, ಈಗ ಇಟಲಿಯ ತೊರ್ತೊನಾದ ಧರ್ಮಾಧ್ಯಕ್ಷರು. 2013ರ ಮಾರ್ಚ್ 12ರಂದು ಹೊಸ ಪೋಪರ ಆಯ್ಕೆ ಶುರುವಾಗುವಾಗ ಸಿಸ್ಟೈನ್ ಚಾಪೆಲ್‌ನಲ್ಲಿ 'ಎಕ್ಸ್‌ಟ್ರಾ ಓಮ್ನೆಸ್' (ಎಲ್ಲರೂ ಹೊರಗೆ) ಅಂದು ಎಲ್ಲರನ್ನೂ ಹೊರಗೆ ಕಳಿಸಿದರಲ್ಲ, ಅವರೇ. ಉಳಿದಂತೆ ಮೌನ. ಅವರು ಡಾಕ್ಟರೇಟ್ ಮಾಡಿದ್ದು ಧರ್ಮಸಭೆಯ ಕಾನೂನಿನಲ್ಲಿ. ಅದಕ್ಕಿಂತ ಮುಖ್ಯ, ಜಿನೋವಾದ ಮೂವರು ಮಹಾಧರ್ಮಾಧ್ಯಕ್ಷರಿಗೆ ಕಾರ್ಯದರ್ಶಿಯಾಗಿದ್ದರು. ಅವರಿಗಿಂತ ಮುಂಚೆ ಆ ಹುದ್ದೆಯಲ್ಲಿದ್ದ ಪಿಯೆರೊ ಮರೀನಿ, ಪೂಜಾವಿಧಿಯ ಸುಧಾರಣೆ ನಡೆಸಿದ ಬುನ್ಯೀನಿಯವರ ಕಾರ್ಯದರ್ಶಿಯಾಗಿದ್ದವರು. (ಇಬ್ಬರೂ ನೆಂಟರಲ್ಲ, ಎಲ್ಲರೂ ಕೇಳುತ್ತಾರೆ.) 1986ರಲ್ಲಿ ಎರಡನೇ ಜಾನ್ ಪಾಲ್ ಮಂಗಳೂರಿಗೆ ಬಂದಾಗ ಆ ಹುದ್ದೆಯಲ್ಲಿದ್ದ ಜಾನ್ ಮೆಗೀ ಮೂವರು ಪೋಪರ ಕಾರ್ಯದರ್ಶಿಯಾಗಿದ್ದವರು. ಪಕ್ಕದವರ ಕೈ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತಿರಬೇಕು, ಅಷ್ಟೇ ಕೆಲಸ. ನಾನೂ ಕೆಲವು ವರ್ಷ ಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿದ್ದೆ, ಅದು ಕೈ ಹಿಡಿಯಿತು.

ಮೊದಲ ಪ್ರಯತ್ನ ಒಂದು ಹಳ್ಳಿ ಚರ್ಚಿನ ದೃಢೀಕರಣ ಸಂಸ್ಕಾರದ ದಿನ. ಶುಭಸಂದೇಶದ ವಾಚನಕ್ಕೆ ಮುಂದಿನವರು ಎದ್ದರು, ಹಿಂದಿನವರು ಕೂತೇ ಇದ್ದರು. ಎರಡನೆಯದಕ್ಕೆ 32 ಪುಟದ ಪುಸ್ತಿಕೆ ಮಾಡಿಸಿದೆವು. ಒಂದಕ್ಕೆ ಇಪ್ಪತ್ತು ರೂಪಾಯಿ ಮೇಲೆ, ಸಾವಿರದಷ್ಟು ಪ್ರತಿ. ಸೆಕೆಗೆ ಎಲ್ಲರೂ ಬೀಸಣಿಗೆ ಮಾಡಿಕೊಂಡರು! ಫೈನಾನ್ಸ್ ಕಮಿಟಿ ಆಮೇಲೆ ನನ್ನ ಮುಖ ನೋಡುತ್ತಿರಲಿಲ್ಲ.

ಈ ಸಲ ಎಂಟೇ ಪುಟ, ಆರು ರೂಪಾಯಿ ಆಸುಪಾಸು. ರಿಹರ್ಸಲ್ ಮಾತ್ರ ಜಾಸ್ತಿ, ಪೀಠ ಬಾಲಕರಿಗಲ್ಲ, ಮೊದಲ ಮೂರು ಸಾಲಿಗೆ. ಅಲ್ಲಿ ಸಿಸ್ಟರ್‌ಗಳನ್ನೂ ದೀಕ್ಷಾರ್ಥಿಗಳ ಮನೆಯವರನ್ನೂ ಕೂರಿಸಿದೆ. ಸಂತರ ಪ್ರಾರ್ಥನಾಮಾಲೆಗೆ ದೀಕ್ಷಾರ್ಥಿಗಳು ಬೋರಲು ಮಲಗಿದಾಗ ಜನ ಅಭ್ಯಾಸಬಲದಿಂದ ಮೊಣಕಾಲೂರುತ್ತಾರೆ. ಈಸ್ಟರ್ ಕಾಲದಲ್ಲಿ ನಿಂತೇ ಇರಬೇಕು, ಗೊತ್ತಲ್ವಾ. ಮುಂದಿನ ಸಾಲು ಕದಲಲಿಲ್ಲ, ಇಡೀ ಚರ್ಚ್ ನಿಂತಿತು. ಕೀಬೋರ್ಡ್ ನುಡಿಸುವವನಿಗೂ ನನಗೂ ಒಂದು ಸನ್ನೆ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ.

ಬಲಿಪೀಠದ ಮೇಲೆ ಏಳು ಮೇಣದಬತ್ತಿ ಇಟ್ಟೆ. ಆಯಾ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರೇ ಮಾಡುವ ಪೂಜೆಗೆ ಏಳನೆಯದು ನಿಯಮದಲ್ಲೇ ಇದೆ, ಆದರೂ ಆಡಂಬರ ಅಂದರು. ಕಷ್ಟದ್ದು ಧರ್ಮಾಧ್ಯಕ್ಷರ ತಲೆಯ ಪುಟ್ಟ ನೇರಳೆ ಟೊಪ್ಪಿ. ಕಾಣಿಕೆ ಪ್ರಾರ್ಥನೆಯ "ಆಮೆನ್" ಮುಗಿದು "ಪ್ರಭು ನಿಮ್ಮೊಡನಿರಲಿ" ಅನ್ನುವ ಮುಂಚೆ, ಒಂದು ಉಸಿರಿನ ಹೊತ್ತಲ್ಲಿ, ಹಿಂದಿನಿಂದ ಎರಡು ಬೆರಳಲ್ಲಿ ಎತ್ತಬೇಕು. ತಲೆಗೂದಲು ಮುಟ್ಟಬಾರದು.

ಮಧ್ಯೆ ಧೂಪ ಹಾಕುವ ಇದ್ದಿಲಿನ ಹುಚ್ಚೂ ಹಿಡಿಯಿತು. ಬೆಂಕಿ ಸೋಕಿದೊಡನೆ ಹೊತ್ತಿಕೊಳ್ಳುವ ರೆಡಿಮೇಡ್ ಬಿಲ್ಲೆಗೆ ಪಟಾಕಿ ಮದ್ದಿನ ವಾಸನೆ, ಬೆಲೆಯೂ ಜಾಸ್ತಿ. ಗೆರಟೆ ಇದ್ದಿಲನ್ನು ಇಪ್ಪತ್ತು ನಿಮಿಷ ಮೊದಲು ಹೊತ್ತಿಸಿದರೆ ಪ್ರಸಂಗ ಎಷ್ಟೇ ಉದ್ದ ಹೋದರೂ ಕೆಂಡ ಆರೋದಿಲ್ಲ. ಧೂಪಕ್ಕೆ ಏನೇನು ಬೆರೆಸಿದೆ ಅಂತ ಸಕ್ರಿಸ್ತಿಯ (ಪೂಜೆಯ ಸಾಮಾನು ಇಡುವ ಕೋಣೆಯ) ಹುಡುಗನಿಗೂ ಹೇಳಿಲ್ಲ.

ಒಟ್ಟು ಖರ್ಚು ಹನ್ನೆರಡು ಸಾವಿರದ ಒಳಗೆ. ಮುಂದಿನ ಪವಿತ್ರ ವಾರದ ತೈಲ ಪೂಜೆಗೆ ನಾನು ಕೇಳದೆಯೇ ಕಮಿಟಿ ಹದಿನೈದು ಸಾವಿರ ಇಟ್ಟಿದೆ. ಅಂದು ಧರ್ಮಾಧ್ಯಕ್ಷರು ಪವಿತ್ರಗೊಳಿಸುವ ಕ್ರಿಸ್ಮಾ ತೈಲದ ಜಾಡಿ ಹೊಸದು ಬೇಕು, ಆ ಚೌಕಾಸಿ ಇನ್ನೂ ನಡೀತಿದೆ.