ಹೊಳೆ ಬಿಡಿಸಿದ ಮೇಲೆ ನಕ್ಷೆ ಸರಿಹೋಯಿತು

ನಾವಿರುವುದು ಅಟ್ಲಾಂಟಾದಲ್ಲಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಇಲ್ಲಿನ ಮೂಲನಿವಾಸಿಗಳಾದ ಕ್ರೀಕ್ ಮತ್ತು ಚೆರೋಕಿ ಜನರ ನಕ್ಷೆ ಮಾಡಿಕೊಂಡು ಬಾ ಅಂದಿದ್ದರು. ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ಭಾನುವಾರ ಹಿಡಿಯಿತು.

ಮೊದಲ ಸಲ ಪೂರ್ತಿ ತಪ್ಪಿದೆ. ಜಾರ್ಜಿಯಾ, ಅಲಬಾಮಾ ಅಂತ ಈಗಿನ ಗಡಿ ಬರೆದು ಒಳಗೆ ಬಣ್ಣ ತುಂಬಲು ಹೋದೆ. ಅವರ ನಾಡು ಆ ಗೆರೆಗಳೊಳಗೆ ಕೂರಲೇ ಇಲ್ಲ. ಎಲ್ಲ ಅಳಿಸಿ ಹೊಳೆಗಳಿಂದ ಶುರು ಮಾಡಿದೆವು. ಚಟ್ಟಹೂಚಿ, ಫ್ಲಿಂಟ್, ಓಕ್ಮಲ್ಗಿ, ಕೂಸಾ, ಟಲ್ಲಪೂಸಾ. ಕ್ರೀಕರ ಊರುಗಳು ಈ ದಂಡೆಗಳಲ್ಲೇ ಸಾಲಾಗಿ ಬಂದು ಕೂತವು. ಅಂದಹಾಗೆ, ಕ್ರೀಕ್ ಅನ್ನೋದು ಇಂಗ್ಲಿಷ್ ವ್ಯಾಪಾರಿಗಳು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಮಸ್ಕೋಗಿ ಅಂತ. ಅವರ ಉತ್ತರಕ್ಕೆ ಚೆರೋಕಿಗಳು, ಅಪ್ಪಲಾಚಿಯನ್ ಬೆಟ್ಟಸೀಮೆಯಲ್ಲಿ.

ಆಮೇಲೆ ವಲಸೆ. ವಲಸೆ ಅನ್ನೋದೂ ತಪ್ಪೇ, ಓಡಿಸಿದ್ದು. 1830ರಲ್ಲಿ ಇವರನ್ನೆಲ್ಲ ಮಿಸಿಸಿಪ್ಪಿ ನದಿಯಾಚೆ ಪಶ್ಚಿಮಕ್ಕೆ ಕಳಿಸುವ ಕಾನೂನು ಬಂತು. 1836ರಲ್ಲಿ ಸೈನ್ಯ ಕ್ರೀಕರನ್ನು ಈಗಿನ ಓಕ್ಲಹೋಮಾಕ್ಕೆ ಸಾಗಿಸಿತು, 1838ರಲ್ಲಿ ಚೆರೋಕಿಗಳನ್ನು. ಸುಮಾರು 16,000 ಚೆರೋಕಿಗಳಲ್ಲಿ 4,000 ಜನ ಸತ್ತರು ಅನ್ನುವ ಅಂದಾಜಿದೆ. ನಾನು ಒಂದೇ ಬಾಣದ ಗುರುತು ಹಾಕಿದ್ದೆ. ನೋಡಿದರೆ ಕೆಲವರು ದೋಣಿಯಲ್ಲಿ ಟೆನ್ನೆಸ್ಸಿ, ಒಹಾಯೊ, ಮಿಸಿಸಿಪ್ಪಿ ನದಿ ಹಿಡಿದು ಹೋದವರು. ಜಾಸ್ತಿ ಜನ ಚಳಿಗಾಲದಲ್ಲಿ ಕೆಂಟಕಿ, ಇಲಿನಾಯ್ ದಾಟಿ ನೆಲದ ಮೇಲೆ ಹೋದವರು. ಬಾಣ ಅಳಿಸಿ ಉಲ್ಲನ್ ದಾರ ಅಂಟಿಸಿದೆವು. ದಾರವಾದರೆ ಬೇಕಾದ ಕಡೆ ಬಗ್ಗುತ್ತದೆ ಅಲ್ವಾ. ನಾರ್ತ್ ಕ್ಯಾರೊಲಿನಾದ ಬೆಟ್ಟಗಳಲ್ಲಿ ಉಳಿದುಕೊಂಡ ಚೆರೋಕಿಗಳಿಗೆ ಒಂದಿಷ್ಟು ಚುಕ್ಕಿ ಇಟ್ಟೆವು.

ಓಕ್ಲಹೋಮಾದ ಕಡೆ ಊರಿನ ಹೆಸರು ಬರೆಯುವಾಗ ಮಗಳು, "ಅಮ್ಮಾ, ಇದನ್ನ ಆಗಲೇ ಬರೆದಿದ್ದೀವಲ್ಲ!" ಅಂದಳು. ಹೌದು. ಇಲ್ಲಿ ಓಕ್ಮಲ್ಗಿ ನದಿ, ಅಲ್ಲಿ ಓಕ್ಮಲ್ಗಿ ಊರು, ಮಸ್ಕೋಗಿಗಳ ರಾಜಧಾನಿ. ಅಲಬಾಮಾದಲ್ಲಿ ಯೂಫಾಲಾ, ಅಲ್ಲೂ ಯೂಫಾಲಾ. ಊರು ಬಿಡಿಸಿದರೂ ಹೆಸರು ಬಿಟ್ಟಿರಲಿಲ್ಲ.

ಹೆಸರಷ್ಟೇ ಅಲ್ಲ. ಲೋಚಪೋಕ ಅನ್ನುವ ಕ್ರೀಕ್ ಊರಿನವರು ತಮ್ಮ ಊರಿನ ಪವಿತ್ರ ಬೆಂಕಿಯ ಬೂದಿಯನ್ನು ಅಲಬಾಮಾದಿಂದ ಹೊತ್ತು ತಂದು, 1836ರಲ್ಲಿ ಓಕ್ಲಹೋಮಾದ ಈಗಿನ ಟಲ್ಸಾ ನಗರದ ಒಂದು ಓಕ್ ಮರದ ಹತ್ತಿರ ಹೊಸ ಬೆಂಕಿ ಹಚ್ಚಿದರಂತೆ. ಆ ಮರ ಈಗಲೂ ಇದೆ. ಇದನ್ನು ಕೇಳಿದ್ದೇ ತಡ, ಮಗಳು ದೇವರ ಗೂಡಿನಿಂದ ಊದುಬತ್ತಿ ಬೂದಿ ತಂದು ದಾರದ ತುದಿಗೆ ಗೋಂದಿನಲ್ಲಿ ಮೆತ್ತಿದಳು. ಬೆಳಿಗ್ಗೆ ಸ್ಕೂಲು ಮುಟ್ಟುವಷ್ಟರಲ್ಲಿ ಅರ್ಧ ಬೂದಿ ಕಾರಿನ ಸೀಟಿನ ಮೇಲಿತ್ತು.